"ಅದೇ ಕಂಟೆಂಟ್ ಅಮ್ಮಾ" ಅಂತ ಬೇರೆ ಮಾತ್ರೆ ಕೊಟ್ಟರೆ ತಗೊಳ್ಳಬೇಡಿ

ಮನೆಯಲ್ಲಿ ದಿನಾ ಬಿಪಿ, ಶುಗರ್ ಮಾತ್ರೆ ನುಂಗುವ ಹಿರಿಯರಿದ್ದರೆ ದಯವಿಟ್ಟು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಹೊಂದಿಸಿಕೊಳ್ಳಿ.

ನಾವಿರುವುದು ಮೈಸೂರಿನಲ್ಲಿ. ನಾನು, ನಮ್ಮ ಯಜಮಾನರು ಇಬ್ಬರೇ. ಅವರಿಗೆ 71 ವರ್ಷ. ಬಿಪಿ, ಶುಗರ್, ಅದರ ಮೇಲೆ ಹಾರ್ಟಿಗೆ ಸ್ಟೆಂಟ್. ನನಗೆ ಥೈರಾಯ್ಡ್. ಪೆನ್ಷನ್ ಬಂದ ತಕ್ಷಣ ಮಾತ್ರೆ ದುಡ್ಡು ಎತ್ತಿಟ್ಟು, ಆಮೇಲೆ ಹಾಲು, ಕರೆಂಟು, ಗ್ಯಾಸು. 70 ದಾಟಿದವರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡು ಅಂತ 2024ರಲ್ಲಿ ಹೇಳಿದರು. ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಮನೆಯಲ್ಲಿ ಕೂತು ದಿನಾ ನುಂಗುವ ಮಾತ್ರೆಗೆ ಕೈಯಿಂದಲೇ ಹಾಕಬೇಕು. ಹೀಗಿರುವಾಗ "ಎಲ್ಲಾ ಔಷಧಿಗಳ ಮೇಲೆ 20% ರಿಯಾಯಿತಿ" ಅಂತ ಬೋರ್ಡ್ ಕಂಡರೆ ಯಾರು ತಾನೇ ಹೋಗಲ್ಲ?

ನಾವೂ ಹೋದೆವು. ಡಾಕ್ಟರು ಬರೆದಿದ್ದ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ 40, ಅಷ್ಟೇ. ಕೌಂಟರಿನ ಹುಡುಗ ಚೀಟಿ ನೋಡಿ, "ಈ ಕಂಪನಿದು ಸ್ಟಾಕ್ ಇಲ್ಲ ಅಮ್ಮಾ, ಇದು ತಗೊಳ್ಳಿ, ಅದೇ ಕಂಟೆಂಟ್" ಅಂದ. ಒಂದು ಇಡೀ ಸ್ಟ್ರಿಪ್, ಇನ್ನೊಂದು ಕತ್ತರಿಯಲ್ಲಿ ಕತ್ತರಿಸಿದ ತುಂಡು. ಕಾಗದದ ಕವರಿಗೆ ಹಾಕಿ ಮೇಲೆ ಪೆನ್ನಿನಲ್ಲಿ 1-0-0 ಅಂತ, ಅಂದರೆ ಬೆಳಿಗ್ಗೆ ಮಾತ್ರ ಒಂದು ಅಂತ, ಬರೆದುಕೊಟ್ಟ. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಡಿಸ್ಕೌಂಟ್ ಬರಲ್ಲ ಅಮ್ಮಾ" ಅಂದ. ಹಿಂದೆ ನಾಲ್ಕು ಜನ ನಿಂತಿದ್ದರು.

ಕೆಲವು ದಿನಕ್ಕೆ ಇವರಿಗೆ ಸುಸ್ತು ಶುರುವಾಯಿತು. ಕುರ್ಚಿಯಿಂದ ಎದ್ದರೆ ತಲೆ ಸುತ್ತು. ಪದೇ ಪದೇ ಮೂತ್ರಕ್ಕೆ ಏಳುವುದು. ಮಾತಾಡುತ್ತಾ ಇದ್ದವರು ಏನು ಹೇಳುತ್ತಿದ್ದೆ ಅಂತ ನನ್ನನ್ನೇ ಕೇಳುತ್ತಿದ್ದರು. ವಯಸ್ಸಾಯಿತಲ್ಲ ಅಂತ ಬಂದವರೆಲ್ಲ ಹೇಳಿದರು. ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ರಕ್ತಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನಂಶ, 126 ಬಂತು. 135ರ ಮೇಲಿರಬೇಕು. ಇವರು ನುಂಗುವ ಮಾತ್ರೆಯೆಲ್ಲ ತನ್ನಿ ಅಂತ ಡಾಕ್ಟರು ಅಂದಿದ್ದರು, ಕವರು ಸಮೇತ ಮೇಜಿನ ಮೇಲೆ ಸುರಿದೆ. ಅವರು ಆ ಸ್ಟ್ರಿಪ್ ತಿರುಗಿಸಿ ಪೆನ್ನಿನ ತುದಿ ಇಟ್ಟು ತೋರಿಸಿದರು. ಟೆಲ್ಮಿಸಾರ್ಟಾನ್ 40. ಅದರ ಕೆಳಗೆ ಇನ್ನೊಂದು ಸಾಲು. ಹೈಡ್ರೋಕ್ಲೋರೋಥಯಜೈಡ್ 12.5. ಸಾಸಿವೆ ಗಾತ್ರದ ಅಕ್ಷರ. "ಇದು ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಅಮ್ಮ. ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತೆ. ಇವರಿಗೆ ಹಿಂದೆ ಒಮ್ಮೆ ಇಳಿದಿತ್ತು ಅಂತಲೇ ನಾನು ಇದನ್ನು ಬರೆದಿರಲಿಲ್ಲ. ಯಾರು ಕೊಟ್ಟಿದ್ದು?" ಅಂದರು.

ಯಾರು ಕೊಟ್ಟಿದ್ದು! ನನ್ನ ಕೈಯಾರೆ ದಿನಾ ಬೆಳಿಗ್ಗೆ ನೀರಿನ ಜೊತೆ ಕೊಟ್ಟಿದ್ದೆ ಅದನ್ನು. ಅದೇ ಕಂಟೆಂಟ್ ಅಂದಿದ್ದನಲ್ಲ. ಅಲ್ಲಿ ಕೂತಾಗ ಕೈಕಾಲು ತಣ್ಣಗಾಯಿತು.

ಅಂಗಡಿಗೆ ಹೋಗಿ ಕೇಳಿದೆ. ಹುಡುಗ, "ಬಿಪಿ ಮಾತ್ರೆ ತಾನೇ ಅಮ್ಮಾ, ಇದು ಇನ್ನೂ ಒಳ್ಳೇದು, ಎರಡು ಔಷಧಿ ಇದೆ" ಅಂದ. ಇನ್ನೂ ಒಳ್ಳೆಯದಂತೆ! ಓನರ್ ಒಳಗಿಂದ ಬಂದು, "ಕತ್ತರಿಸಿದ ಸ್ಟ್ರಿಪ್ ವಾಪಸ್ ತಗೊಳ್ಳಲ್ಲ" ಅಂದ. ನಾನು ವಾಪಸ್ ಕೊಡಲು ಬಂದಿಲ್ಲಪ್ಪ, ಯಾಕೆ ಬದಲಾಯಿಸಿದಿರಿ ಅಂದೆ. "ನಮ್ಮಲ್ಲೇ ತಗೊಂಡಿದ್ದು ಅಂತ ಬಿಲ್ ಇದೆಯಾ?" ಅಂದ. ಬಿಲ್ ಕೊಡದವರು ಇವರೇ, ಬಿಲ್ ಕೇಳುವವರೂ ಇವರೇ. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ, "20% ಕಮ್ಮಿಗೆ ಕೊಟ್ಟಿದೀವಲ್ಲಮ್ಮ, ಇನ್ನೇನು ಬೇಕು?" ಅಂದ. ಬಿಟ್ಟಿ ಕೇಳಲು ಬಂದವಳ ಹಾಗೆ ನಿಲ್ಲಿಸಿ ಮಾತಾಡಿದ. ಅವಮಾನದಿಂದ ಬಾಯಿಗೆ ಮಾತೇ ಬರಲಿಲ್ಲ.

ಆ 20% ಲೆಕ್ಕವನ್ನೂ ಹೇಳುತ್ತೇನೆ. ಅವರು ಕೊಟ್ಟ 15 ಮಾತ್ರೆಯ ಸ್ಟ್ರಿಪ್ ಎಂಆರ್‌ಪಿ 165. ರಿಯಾಯಿತಿ ಕಳೆದು 132. ನಾವು ಮೊದಲು ತಗೊಳ್ಳುತ್ತಿದ್ದದ್ದು ಅಷ್ಟೇ ಮಾತ್ರೆಗೆ ರಿಯಾಯಿತಿ ಇಲ್ಲದೆಯೇ 110 ರೂಪಾಯಿ ಆಗುತ್ತಿತ್ತು! ಉಳಿದದ್ದು ಏನು?

ನನ್ನ ಅಣ್ಣನ ಮಗ ಔಷಧಿ ಕಂಪನಿಯ ಮೆಡಿಕಲ್ ರೆಪ್ ಆಗಿದ್ದವನು. ಅವನು ಬಿಡಿಸಿ ಹೇಳಿದ. ಸರ್ಕಾರ ಬೆಲೆ ಕಟ್ಟಿದ ಮಾತ್ರೆಗಳಲ್ಲಿ ಅಂಗಡಿಯವನ ಲಾಭಕ್ಕೆ 2013ರ ಬೆಲೆ ನಿಯಂತ್ರಣ ಆದೇಶ ಇಟ್ಟಿರುವುದು 16%. ಎಲ್ಲದರ ಮೇಲೂ 20% ಬಿಟ್ಟುಕೊಟ್ಟು ಅಂಗಡಿ ನಡೆಸುವುದು ಹೇಗೆ? ಅದಕ್ಕೆ ಬೇರೆ ಸರಕಿದೆ. ಕಂಪನಿಯವರು ಡಾಕ್ಟರಿಗೆ ತೋರಿಸದೆ ನೇರವಾಗಿ ಅಂಗಡಿಗೇ ಕೊಡುವ ಮಾತ್ರೆಗಳು. ಅಂಗಡಿಗೆ ತೀರಾ ಕಮ್ಮಿಗೆ ಬೀಳುತ್ತವೆ, ಮೇಲೆ ಎಂಆರ್‌ಪಿ ಮಾತ್ರ ದೊಡ್ಡದು. 20% ಬಿಟ್ಟರೂ ಕೈತುಂಬಾ ಲಾಭ. ಚೀಟಿಯಲ್ಲಿರುವುದು "ಸ್ಟಾಕ್ ಇಲ್ಲ" ಆಗುವುದು ಅದಕ್ಕೇ. ಎಲ್ಲ ಅಂಗಡಿಯವರೂ ಹೀಗೆ ಅನ್ನುತ್ತಿಲ್ಲ. ನಮ್ಮ ಹಳೇ ಮೆಡಿಕಲ್‌ನವರು ಒಂದು ಮಾತ್ರೆ ಸಿಗದಿದ್ದರೂ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತಿದ್ದರು.

ಇನ್ನೊಂದು ಗೊತ್ತಿರಲಿ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮ ನೋಡಿ. ಷೆಡ್ಯೂಲ್ ಎಚ್, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಯನ್ನು ಡಾಕ್ಟರು ಬರೆದಿದ್ದರೆ, ಒಳಗಿರುವ ಅಂಶ ಒಂದೇ ಆದರೂ ಅಂಗಡಿಯವನು ಬದಲಿಗೆ ಬೇರೆಯದನ್ನು ಕೊಡುವಂತಿಲ್ಲ. ಇಲ್ಲಿ ಅಂಶವೂ ಒಂದಾಗಿರಲಿಲ್ಲ!

ಕಮ್ಮಿ ಬೆಲೆಗೆ ಬೇಕೆಂದರೆ ಡಾಕ್ಟರ ಹತ್ತಿರವೇ ಸರ್ಕಾರದ ಜನೌಷಧಿ ಅಂಗಡಿಯಲ್ಲಿ ಸಿಗುವಂಥದ್ದು ಬರೆದುಕೊಡಿ ಅಂತ ಕೇಳಿ. ನಮ್ಮ ಡಾಕ್ಟರು ಈಗ ಹಾಗೇ ಬರೆದಿದ್ದಾರೆ, ಬಿಪಿ ಮಾತ್ರೆಯ ಖರ್ಚು ಅರ್ಧಕ್ಕಿಂತ ಕೆಳಗೆ ಬಂದಿದೆ. ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಅಲ್ಲೂ ವಿಚಾರಿಸಿ. ಅಂಗಡಿಯಲ್ಲಿ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿಸಿ, ಚೀಟಿಯಲ್ಲಿಲ್ಲದ ಒಂದು ಹೆಸರು ಜಾಸ್ತಿ ಇದ್ದರೂ ಬೇಡ ಅನ್ನಿ. ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆದು ದೂರು ಕೊಟ್ಟಿದ್ದೇವೆ. ಡಾಕ್ಟರ ಚೀಟಿ, ರಕ್ತದ ರಿಪೋರ್ಟು, ಇಡೀ ಸ್ಟ್ರಿಪ್, ಆ 1-0-0 ಕವರು, ಎಲ್ಲದರ ಫೋಟೋ ಲಗತ್ತಿಸಿದ್ದೇವೆ. ನಿಮಗೂ ಹೀಗಾಗಿದ್ದರೆ ಕವರು, ಸ್ಟ್ರಿಪ್ ಯಾವುದನ್ನೂ ಬಿಸಾಡದೆ ದೂರು ಕೊಡಿ. ಒಬ್ಬರು ಕೊಟ್ಟರೆ ಅಂಗಡಿಯವನು "ಬಿಲ್ ಇದೆಯಾ" ಅಂತಾನೆ. ಹತ್ತು ಜನ ಕೊಟ್ಟರೆ ಹಾಗನ್ನಲು ಆಗಲ್ಲ.