ಟ್ಯೂಬಾ, ಬಲ್ಬಾ, ಬಾಲ್ಕನಿ ಬಿಸಿಲಾ: ನಮ್ಮ ಕಾಕಟೀಲ್‌ಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಚಿನ್ನು ಒಂದು ಕಾಕಟೀಲ್, ಜುಟ್ಟಿರುವ ಪುಟ್ಟ ಗಿಳಿ ಜಾತಿಯ ಹಕ್ಕಿ. ಅವಳಿಗೆಂದು ಎಂಟು ಸಾವಿರದ ಹತ್ತಿರ ಸುರಿದು ಮೂರು ಥರದ ಲೈಟು ತಂದೆ. ಈಗ ನಾನು ನೆಚ್ಚಿಕೊಂಡಿರುವುದು ಬಾಲ್ಕನಿ ಬಿಸಿಲನ್ನು, ಜೊತೆಗೆ ಹಾಲಿನಲ್ಲಿ ಮೊದಲಿನಿಂದಲೂ ಇದ್ದ ಮಾಮೂಲಿ ಎಲ್‌ಇಡಿ ಬಲ್ಬನ್ನು.

ಬೆಂಗಳೂರಿನಲ್ಲೇ ಮನೆ ಬದಲಾಯಿಸಿದ ಮೇಲೆ ಶುರುವಾದ ಕಥೆ ಇದು. ಹಳೇ ಮನೆಯಲ್ಲಿ ಚಿನ್ನುವಿನ ಪಂಜರ ತಾರಸಿ ಮೆಟ್ಟಿಲ ಹತ್ತಿರ ಇರುತ್ತಿತ್ತು. ಹೊಸ ಫ್ಲ್ಯಾಟಿನಲ್ಲಿ ಸಿಕ್ಕಿದ್ದು ಹಾಲಿನ ಮೂಲೆ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಆರೇಳು ತಿಂಗಳ ನಂತರ ಅವಳಿಟ್ಟ ಮೊಟ್ಟೆಯನ್ನು ಎತ್ತಿಕೊಂಡರೆ ಬೆರಳ ಕೆಳಗೆ ಒದ್ದೆ ಹಪ್ಪಳದ ಹಾಗೆ ತಗ್ಗಿತು. ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ: "ನವಣೆ, ಸೂರ್ಯಕಾಂತಿ ಬೀಜ ಬಿಟ್ಟು ಇನ್ನೇನು ತಿನ್ನುತ್ತೆ? ಬಿಸಿಲು ಕಾಣುತ್ತಾ?" ಎರಡಕ್ಕೂ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ಕಾಳಿನಲ್ಲಿ ಅದು ಕಡಿಮೆ. ಇರುವ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಅದು ಚರ್ಮದಲ್ಲಿ ತಯಾರಾಗಬೇಕಾದರೆ ಯುವಿಬಿ ಎಂಬ ಅತಿನೇರಳೆ ಕಿರಣ (ತರಂಗಾಂತರ 290ರಿಂದ 315 ನ್ಯಾನೋಮೀಟರ್ ಆಸುಪಾಸು) ಬೀಳಬೇಕು. ಕಿಟಕಿ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಗಾಜಿನೊಳಗೆ ಬರುವ ಬಿಸಿಲು ಬೆಚ್ಚಗಿರುತ್ತದೆ, ಅಷ್ಟೇ.

ಮೊದಲು ತಂದದ್ದು ಅಂಗಡಿಯವರು "ಎಲ್ಲಾದಕ್ಕೂ ಆಗುತ್ತೆ ಸಾರ್" ಅಂದ ಯುವಿಬಿ ಬಲ್ಬು. ಡಬ್ಬದ ಮೇಲೆ ಆಮೆಯ ಚಿತ್ರವಿತ್ತು, ಅಲ್ಲೇ ಅರ್ಥಮಾಡಿಕೊಳ್ಳಬೇಕಿತ್ತು. ಅದು ತಿರುಪಿನ ಬಲ್ಬು, ನಮ್ಮನೆಯಲ್ಲಿರುವುದೆಲ್ಲ ಪಿನ್ ಹೋಲ್ಡರ್, ಹಾಗಾಗಿ ಅಡಾಪ್ಟರ್ ತರಲು ಮತ್ತೊಂದು ಓಡಾಟ. ಪಂಜರದ ಪಕ್ಕಕ್ಕೆ, ಒಂದು ಗೇಣು ದೂರದಲ್ಲಿ ಹಾಕಿದೆ. ಮೂರನೇ ದಿನ ಚಿನ್ನು ಎಡಗಣ್ಣು ಅರ್ಧ ಮುಚ್ಚಿಕೊಂಡು, ಅದನ್ನೇ ಕಡ್ಡಿಗೆ ಉಜ್ಜುತ್ತ ಕೂತಿದ್ದಳು. ಡಾಕ್ಟರ್ ಬೈದರು. ಇಂಥ ಬೆಳಕು ಸೂರ್ಯನ ಹಾಗೆ ಮೇಲಿನಿಂದ ಬೀಳಬೇಕಂತೆ, ಪಕ್ಕದಿಂದ ನೇರ ಕಣ್ಣಿಗಲ್ಲ. ಮರುಭೂಮಿಯ ಆಮೆಯಂಥ ಪ್ರಾಣಿಗೆ ಮಾಡಿದ ತೀಕ್ಷ್ಣತೆಯನ್ನು ಹಕ್ಕಿಯ ಮುಂದೆ ಇಡುವುದೂ ತಪ್ಪು. ಬಲ್ಬು ತೆಗೆದು ಮುಲಾಮು ಹಾಕಿದ ಮೇಲೆ ಕಣ್ಣು ಸರಿಹೋಯಿತು.

ಆಮೇಲೆ "ಫುಲ್ ಸ್ಪೆಕ್ಟ್ರಮ್" ಎಲ್‌ಇಡಿ. ಬೆಳಕು ಚೆನ್ನಾಗಿದೆ, ಬಣ್ಣಗಳು ನಿಚ್ಚಳವಾಗಿ ಕಾಣುತ್ತವೆ, ಯುವಿಬಿ ಮಾತ್ರ ಇಲ್ಲ. ಅದು ಈಗ ನನ್ನ ಓದುವ ಮೇಜಿನ ಮೇಲಿದೆ.

ಮೂರನೆಯದು ಹಕ್ಕಿಗೆಂದೇ ಮಾಡುವ ಟಿ5 ಅನ್ನುವ ಸಪೂರ ಟ್ಯೂಬು, 2.4 ಪರ್ಸೆಂಟ್ ಯುವಿಬಿ. ಫಿಟ್ಟಿಂಗ್ ಸೇರಿ ಆರು ಸಾವಿರ ಚಿಲ್ಲರೆ. ವಸ್ತು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಪಂಜರದ ಅರ್ಧ ಭಾಗದ ಮೇಲೆ ಬರುವ ಹಾಗೆ ಒಂದಡಿ ಎತ್ತರಕ್ಕೆ ತೂಗುಹಾಕಿದೆ. ಬೇಕೆಂದರೆ ಅವಳು ಬೆಳಕಿಗೆ ಬರಬಹುದು, ಬೇಡವೆಂದರೆ ನೆರಳಿಗೆ ಸರಿಯಬಹುದು. ನಮಗೆ ಕಾಣದ ಯುವಿಎ ಅನ್ನುವ ಇನ್ನೊಂದು ಬಗೆಯ ಅತಿನೇರಳೆ ಬೆಳಕು ಹಕ್ಕಿಗೆ ಒಂದು ಬಣ್ಣವಾಗಿಯೇ ಕಾಣುತ್ತದೆ. ಟ್ಯೂಬಿನ ಕೆಳಗೆ ಜುಟ್ಟು ಜಾಸ್ತಿ ನಿಗುರುತ್ತದೆ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ನನಗೇನೂ ವ್ಯತ್ಯಾಸ ಕಂಡಿಲ್ಲ.

ತಲೆನೋವು ಬಂದದ್ದು ಅದು ಆರುವ ಹೊತ್ತಿನಲ್ಲಿ. ರಾತ್ರಿ ಎಂಟಕ್ಕೆ ಆಫ್ ಆಗುವ ಹಾಗೆ ಟೈಮರ್ ಹಾಕಿದ್ದೆ. ಒಂದು ದಿನ ನಾವು ಒಳಗೆ ಊಟ ಮಾಡುತ್ತಿದ್ದೆವು, ಹಾಲಿನ ಲೈಟೂ ಆರಿಸಿತ್ತು. ಟೈಮರ್ ಟಕ್ ಅಂದಿತು, ಮರುಕ್ಷಣವೇ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಟಾರ್ಚ್ ಹಿಡಿದು ಓಡಿದರೆ ಚಿನ್ನು ಪಂಜರದ ತಳದಲ್ಲಿ, ರೆಕ್ಕೆ ಅಗಲಿಸಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾಳೆ. ಹಾಸಿದ ಪೇಪರಿನ ಮೇಲೆಲ್ಲ ರಕ್ತದ ಚುಕ್ಕೆ. ಆಗಷ್ಟೇ ಬೆಳೆಯುತ್ತಿದ್ದ ರೆಕ್ಕೆ ಪುಕ್ಕ ಮುರಿದಿತ್ತು. ಅಂಥ ಪುಕ್ಕದ ನಳಿಕೆಯಲ್ಲಿ ರಕ್ತ ತುಂಬಿರುತ್ತದೆ, ಮುರಿದರೆ ಬೇಗ ನಿಲ್ಲುವುದಿಲ್ಲ. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ನಿಲ್ಲಿಸಿದೆವು.

ಆರುವ ಹೊತ್ತಿಗೆ ಅವಳು ಕಾಳಿನ ಬಟ್ಟಲಿನ ಹತ್ತಿರ ಇದ್ದಿರಬೇಕು. ಒಮ್ಮೆಲೇ ಕತ್ತಲಾದರೆ ಮಲಗುವ ಕಡ್ಡಿ ಎಲ್ಲಿದೆ ಅಂತ ಕಾಣುವುದಿಲ್ಲ, ಗಾಬರಿಯಲ್ಲಿ ಬಡಿದುಕೊಳ್ಳುತ್ತದೆ. ಕತ್ತಲಲ್ಲಿ ಹೀಗೆ ಬೆಚ್ಚಿಬೀಳುವುದರಲ್ಲಿ ಕಾಕಟೀಲ್ ಜಾತಿ ಮೊದಲೇ ಕುಖ್ಯಾತ. ಸೂರ್ಯನಾದರೋ ಅರ್ಧ ಗಂಟೆ ಹೇಳಿ ಕೇಳಿ ಮುಳುಗುತ್ತಾನೆ. ಟೈಮರಿಗೆ ಆ ಸೌಜನ್ಯ ಇಲ್ಲ. ಬೆಸ್ಕಾಂಗಂತೂ ಕೇಳಲೇಬೇಡಿ. ಟೈಮರ್ ಸಮಯವನ್ನು ಸಂಜೆಗೆ ಹಿಂದೆ ಸರಿಸಿದೆ, ಆದರೆ ಕರೆಂಟ್ ಹೋದ ಒಂದು ರಾತ್ರಿ ಮತ್ತದೇ ಬಡಿದಾಟ. ಕೊನೆಗೆ ಯುಪಿಎಸ್ ಪಾಯಿಂಟಿಗೆ ಒಂದು ಜೀರೋ ಬಲ್ಬು ಸಿಕ್ಕಿಸಿದೆ. ಅದು ರಾತ್ರಿಯಿಡೀ ಮೂಲೆಯಲ್ಲಿ ಮಿಣಮಿಣ ಅನ್ನುತ್ತಿರುತ್ತದೆ. ಅವತ್ತಿನಿಂದ ಸದ್ದಿಲ್ಲ. ಆರು ಸಾವಿರದ ಟ್ಯೂಬನ್ನು ಪಾರುಮಾಡಿದ್ದು ಮೂವತ್ತು ರೂಪಾಯಿಯ ಬಲ್ಬು.

ಇನ್ನೊಂದು ನನ್ನದೇ ಪೆದ್ದುತನ. ಲೈಟು ಜಾಸ್ತಿ ಹೊತ್ತು ಉರಿದರೆ ಲಾಭ ಜಾಸ್ತಿ ಅಂದುಕೊಂಡು ಮೊದಲಿಗೆ ಹದಿನಾಲ್ಕು ಗಂಟೆ ಇಟ್ಟಿದ್ದೆ. ಹಗಲು ಉದ್ದವಾದಷ್ಟೂ ಹೆಣ್ಣು ಕಾಕಟೀಲ್ ಮೊಟ್ಟೆಯಿಡುವ ಕಾಲ ಬಂತೆಂದುಕೊಳ್ಳುತ್ತದೆ. ಮೊದಲೇ ಕ್ಯಾಲ್ಸಿಯಂ ಕೊರತೆಯಲ್ಲಿದ್ದ ಹಕ್ಕಿ ಮತ್ತೆ ಐದು ಮೊಟ್ಟೆ ಇಟ್ಟಳು. ಈಗ ಹತ್ತು ಗಂಟೆಗೆ ಇಳಿಸಿದ್ದೇನೆ. ಟ್ಯೂಬು ಉರಿಯುತ್ತಲೇ ಇದ್ದರೂ ಒಳಗಿನ ಯುವಿಬಿ ವರ್ಷದೊಳಗೆ ಸೊರಗುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಅಂದರೆ ವರ್ಷ ವರ್ಷವೂ ಈ ಖರ್ಚು ಇದ್ದದ್ದೇ.

ಬಾಲ್ಕನಿಗೆ ಬಂದರೆ, ಅಲ್ಲೂ ಒಂದು ತಪ್ಪು ಮಾಡಿದ್ದೆ. ಮಗುವಿಗೆ ಎಳೆಬಿಸಿಲು ಕಾಯಿಸುವ ಅಭ್ಯಾಸದಲ್ಲಿ ಏಳು ಗಂಟೆಗೇ ಪಂಜರ ಹೊರಗಿಡುತ್ತಿದ್ದೆ. ಸೂರ್ಯ ಅಷ್ಟು ಕೆಳಗಿರುವಾಗ ಯುವಿಬಿ ನೆಲ ಮುಟ್ಟುವುದು ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡ ಆದಾಗ ಸರಿಯಾದ ಹೊತ್ತು. ಬೆಂಗಳೂರಿನಲ್ಲಿ ಅದು ಬೇಸಿಗೆಯಲ್ಲಿ ಒಂಬತ್ತೂಕಾಲು, ಡಿಸೆಂಬರಿನಲ್ಲಿ ಹತ್ತೂವರೆ. ಪಂಜರವನ್ನು ಸ್ಟೂಲಿನ ಮೇಲೆ ಕಂಬಿಗೆ ಒತ್ತಿಸಿ ಇಡುತ್ತೇನೆ. ಅರ್ಧಕ್ಕೆ ಟವೆಲ್ ಹೊದಿಸಿ, ನೀರಿಟ್ಟು, ಇಪ್ಪತ್ತು ನಿಮಿಷ ನಾನೂ ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂರುತ್ತೇನೆ. ಅವಳು ಬಾಯಿ ತೆರೆದು ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಸೆಕೆ ಜಾಸ್ತಿಯಾಯಿತೆಂದು ಅರ್ಥ, ಕೂಡಲೇ ಒಳಕ್ಕೆ. ಪಾರಿವಾಳದ ನೆಟ್ ಇದೆ. ಆದರೂ ಹದ್ದು ಸುತ್ತಿದರೆ ಚಿನ್ನು ತಲೆ ವಾಲಿಸಿ ಒಂದು ಕಣ್ಣು ಆಕಾಶಕ್ಕಿಟ್ಟು ಕಲ್ಲಾಗಿಬಿಡುತ್ತಾಳೆ. ಎದುರು ಮನೆಯ ಆಂಟಿ ಮಾತ್ರ ವಾರಕ್ಕೊಮ್ಮೆ "ಗಿಳಿ ಸಾಕಬಾರದಲ್ವೇನ್ರೀ?" ಅಂತ ಕೇಳುತ್ತಾರೆ. ನಮ್ಮ ಹಸಿರು ಗಿಳಿ ಸಾಕಬಾರದು ನಿಜ, 1972ರ ವನ್ಯಜೀವಿ ಕಾಯ್ದೆ ಇದೆ. ಇದು ಆಸ್ಟ್ರೇಲಿಯಾ ಮೂಲದ್ದು ಆಂಟಿ ಅಂದರೆ ಅವರು ನಂಬುವುದಿಲ್ಲ.

ನಾನು ಮನೆಯಿಂದಲೇ ಕೆಲಸ ಮಾಡುವವನು, ಹಾಗಾಗಿ ಇದು ನಡೆಯುತ್ತಿದೆ. ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯುವವರಾದರೆ, ಅಥವಾ ಬಾಲ್ಕನಿಗೆ ಬಿಸಿಲೇ ಬೀಳದಿದ್ದರೆ ಟಿ5 ತಗೊಳ್ಳಿ, ಜೀರೋ ಬಲ್ಬು ಮರೆಯಬೇಡಿ. ನಾನೂ ಜೂನ್ ಬಂದು ಮೋಡ ಕವಿದರೆ ಟ್ಯೂಬನ್ನೇ ಹಚ್ಚುವುದು. ಕಳೆದ ಸಲದ ಮೊಟ್ಟೆಯ ಚಿಪ್ಪು ಗಟ್ಟಿಯಾಗಿತ್ತು. ಅದು ಬಿಸಿಲಿನ ಪುಣ್ಯವೋ, ಡಾಕ್ಟರ್ ಕೊಟ್ಟ ಕ್ಯಾಲ್ಸಿಯಂ, ನುಗ್ಗೆ ಸೊಪ್ಪಿನ ಪುಣ್ಯವೋ, ಬೇರೆ ಮಾಡಿ ಹೇಳಲಾರೆ.

ಆಮೆ ಬಲ್ಬು ಮೂರೇ ದಿನ ಉರಿದದ್ದು, ಡ್ರಾಯರಿನಲ್ಲಿ ಹಾಗೇ ಬಿದ್ದಿದೆ. ಬೇಕಾದವರಿಗೆ ಕೊಟ್ಟುಬಿಡುತ್ತೇನೆ, ಅಡಾಪ್ಟರ್ ಸಮೇತ.