ಟೆಕ್ಸಸ್ ಶಾಸನಸಭೆಯ ಅಭಿನಂದನಾ ನಿರ್ಣಯ: ಶುಲ್ಕವಿಲ್ಲ, ಸಿದ್ಧತೆ ಮಾತ್ರ ಬೇಕು

ನಿವೃತ್ತರಾಗುವ ಸಂಗೀತ ಗುರುಗಳು, ಸ್ಕೌಟ್ ಸಂಘಟನೆಯ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಪಡೆದ ಹುಡುಗ, ನೂರು ತುಂಬಿದ ಅಜ್ಜಿ: ಇಂಥವರನ್ನು ಗೌರವಿಸಲು ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಸಿಗುವ ಒಳ್ಳೆಯ ಸೇವೆಗಳಲ್ಲಿ ರಾಜಧಾನಿ ಆಸ್ಟಿನ್‌ನಲ್ಲಿರುವ ರಾಜ್ಯ ಶಾಸನಸಭೆಯ ಅಭಿನಂದನಾ ನಿರ್ಣಯ ಒಂದು. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕಳೆದ ಆ ಒಂದು ಅಂಕಕ್ಕೆ ಕಾರಣ ಕಾಲಮಿತಿ.

ಮೂರು ಬಗೆಯ ಕಾಗದಗಳು ಒಂದೇ ಎಂದು ಹಲವರು ತಿಳಿದಿದ್ದಾರೆ. ಶಾಸಕರೊಬ್ಬರೇ ಸಹಿ ಮಾಡಿ ಕೊಡುವುದು ಪ್ರಶಂಸಾಪತ್ರ. ಅದಕ್ಕೆ ಸದನದ ಮತ ಬೇಕಿಲ್ಲ. ಗವರ್ನರ್ ಅಥವಾ ಮೇಯರ್ ಹೊರಡಿಸುವುದು ಘೋಷಣೆ. ನಿರ್ಣಯವನ್ನು ಮಾತ್ರ ಸದನವೇ ಅಂಗೀಕರಿಸುತ್ತದೆ. ಅದಕ್ಕೊಂದು ಸಂಖ್ಯೆ ಇರುತ್ತದೆ, ಪಠ್ಯ ಶಾಸನಸಭೆಯ ಜಾಲತಾಣದಲ್ಲಿ ಉಳಿಯುತ್ತದೆ. ಮೊಮ್ಮಕ್ಕಳೂ ಹುಡುಕಿ ಓದಬಹುದಾದ ಕಾಗದ ಇದೊಂದೇ ಎಂಬುದೇ ಇದರ ದೊಡ್ಡ ಗುಣ.

ವ್ಯಕ್ತಿಗೆ ಗೌರವ ಸಲ್ಲಿಸಲು ಹೌಸ್ ಅಥವಾ ಸೆನೆಟ್, ಯಾವುದಾದರೂ ಒಂದು ಸದನದ ನಿರ್ಣಯ ಸಾಕು. ಎರಡೂ ಸದನಗಳು ಅಂಗೀಕರಿಸುವ ‘ಕನ್‌ಕರೆಂಟ್’ ನಿರ್ಣಯ ಗವರ್ನರ್ ಸಹಿಗೂ ಹೋಗಬೇಕಾದ್ದರಿಂದ ತಡವಾಗುತ್ತದೆ. ಹೌಸ್‌ನಲ್ಲಿ 150, ಸೆನೆಟ್‌ನಲ್ಲಿ 31 ಸದಸ್ಯರಿದ್ದಾರೆ. ಗೌರವ ಪಡೆಯುವವರ ಮನೆ ಯಾರ ಕ್ಷೇತ್ರಕ್ಕೆ ಸೇರಿದೆಯೋ ಅವರ ಕಚೇರಿಯಲ್ಲೇ ಕೇಳಬೇಕು. ವಾಷಿಂಗ್ಟನ್‌ನ ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆದು ವಾರಗಟ್ಟಲೆ ಕಳೆದುಕೊಳ್ಳುವುದು ಸಾಮಾನ್ಯ ತಪ್ಪು.

ಇನ್ನು ಕಾಲಮಿತಿ. ಸಾಮಾನ್ಯ ಅಧಿವೇಶನ ನಡೆಯುವುದು ಬೆಸ ವರ್ಷಗಳಲ್ಲಿ ಮಾತ್ರ. ಜನವರಿಯ ಎರಡನೇ ಮಂಗಳವಾರ ಶುರುವಾಗಿ ಹೆಚ್ಚೆಂದರೆ 140 ದಿನ. 2027ರಲ್ಲಿ ಅದು ಜನವರಿ 12ರಿಂದ ಮೇ 31ರವರೆಗೆ. ಯುಗಾದಿ ಈ ಅವಧಿಯೊಳಗೆ ಬರುತ್ತದೆ, ರಾಜ್ಯೋತ್ಸವ ಬರುವುದೇ ಇಲ್ಲ. ನವೆಂಬರ್ ಕಾರ್ಯಕ್ರಮಕ್ಕೆ ಬೇಕಿದ್ದರೆ ವಸಂತದಲ್ಲೇ ಅಂಗೀಕಾರ ಮಾಡಿಸಿಟ್ಟುಕೊಂಡು ವೇದಿಕೆಯಲ್ಲಿ ಕೊಡಬೇಕು. ಸಮ ವರ್ಷವಾದರೆ ಘೋಷಣೆಯೋ ಪ್ರಶಂಸಾಪತ್ರವೋ ದಾರಿ. ಮೇ ತಿಂಗಳಲ್ಲಿ ಮಸೂದೆಗಳ ಒತ್ತಡ ವಿಪರೀತವಾಗಿರುತ್ತದೆ, ಆದ್ದರಿಂದ ಫೆಬ್ರವರಿಯಲ್ಲೇ ಅರ್ಜಿ ಕೊಟ್ಟುಬಿಡುವುದು ಕ್ಷೇಮ.

ಕರಡು ಬರೆಯುವುದು ಹೆಚ್ಚಾಗಿ ಟೆಕ್ಸಸ್ ಲೆಜಿಸ್ಲೇಟಿವ್ ಕೌನ್ಸಿಲ್‌ನ ಸಿಬ್ಬಂದಿ. ಅವರ ಇಂಗ್ಲಿಷ್ ಗಂಭೀರ, ಅಚ್ಚುಕಟ್ಟು. ಪ್ರತಿ ಪ್ಯಾರಾ ‘ವೇರ್‌ಆ್ಯಸ್’ (ಹೀಗಿರುವುದರಿಂದ) ಎಂದು ಶುರುವಾಗುತ್ತದೆ, ಕೊನೆಗೆ ‘ರಿಸಾಲ್ವ್ಡ್’ (ನಿರ್ಣಯಿಸಲಾಗಿದೆ) ಬರುತ್ತದೆ. ಆದರೆ ಅವರ ಮುಂದಿರುವುದು ನಾವು ಕೊಟ್ಟ ಮಾಹಿತಿ ಮಾತ್ರ, ಎಡವಟ್ಟಾಗುವುದೂ ಇಲ್ಲೇ. ನಮ್ಮ ಹೆಸರುಗಳನ್ನೇ ನೋಡಿ. ಮೊದಲ ಸಲ ಪೂರ್ಣ ಹೆಸರು ಬರೆದು, ಆಮೇಲೆ ಸರ್‌ನೇಮ್‌ಗೆ ‘ಮಿಸ್ಟರ್’ ಸೇರಿಸುವುದು ಅಲ್ಲಿನ ರೂಢಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಇದ್ದರೆ ಇಡೀ ನಿರ್ಣಯ ತಂದೆಯನ್ನೋ ಊರನ್ನೋ ಹೊಗಳಿದ ಹಾಗಾಗುತ್ತದೆ. ‘ಎರಡನೇ ಸಲದಿಂದ ಹೀಗೆ ಕರೆಯಿರಿ’ ಎಂದು ಅರ್ಜಿಯಲ್ಲೇ ಒಂದು ಸಾಲು ಬರೆಯಿರಿ. ಇನಿಷಿಯಲ್‌ಗಳನ್ನು ಬಿಡಿಸಬೇಕೋ ಬೇಡವೋ ಅದನ್ನೂ ಹೇಳಿ. ಶಾಲಾ ದಾಖಲೆಯ ಜನ್ಮದಿನವೇ ಬೇರೆ, ನಿಜವಾದದ್ದೇ ಬೇರೆ ಇದ್ದರೆ ಒಂದನ್ನೇ ಕೊಡಿ. ಯಕ್ಷಗಾನವೋ ಗಮಕವೋ ಆದರೆ ಅದೇನೆಂದು ಒಂದೇ ವಾಕ್ಯದಲ್ಲಿ ವಿವರಿಸಿ, ಇಲ್ಲವಾದರೆ ‘ಭಾರತೀಯ ಜಾನಪದ ಕಲೆ’ ಎಂದು ತೇಲಿಸಿಬಿಡುವ ಅಪಾಯವಿದೆ. ‘ಅಮೆರಿಕದಲ್ಲೇ ಮೊದಲಿಗರು’ ಎಂಬಂಥ ಮಾತು ದಾಖಲೆಯಿಲ್ಲದೆ ಬೇಡವೇ ಬೇಡ. ಹತ್ತು ಹದಿನೈದು ಖಚಿತ ಸಂಗತಿಗಳು ಇಸವಿಯೊಂದಿಗೆ ಇದ್ದರೆ ಒಂದೆರಡು ಪುಟದ ನಿರ್ಣಯಕ್ಕೆ ಧಾರಾಳ.

ಸದನದಲ್ಲಿ ಪರಿಶೀಲನೆ ಆಗುತ್ತದೆ ಎಂದು ನಂಬಿ ಕೂರಬಾರದು. ಅಭಿನಂದನೆ, ಸಂತಾಪದ ನಿರ್ಣಯಗಳು ಬಹುಪಾಲು ಕಟ್ಟುಕಟ್ಟಾಗಿ ಒಂದೇ ಬಾರಿಗೆ ಅಂಗೀಕಾರವಾಗುತ್ತವೆ. 1971ರ ಏಪ್ರಿಲ್ 1ರಂದು ವೇಕೊ ಊರಿನ ಸದಸ್ಯ ಟಾಮ್ ಮೂರ್, ಓದದೆ ಮತ ಹಾಕುತ್ತಾರೆಂದು ತೋರಿಸಲೆಂದೇ ಆಲ್ಬರ್ಟ್ ಡಿಸಾಲ್ವೊನನ್ನು ಹೊಗಳುವ ನಿರ್ಣಯ ಮಂಡಿಸಿದರು. ಅವನು ‘ಬಾಸ್ಟನ್ ಸ್ಟ್ರ್ಯಾಂಗ್ಲರ್’ ಎಂದು ಕುಖ್ಯಾತನಾದ, ಮಹಿಳೆಯರ ಸರಣಿ ಕೊಲೆಗಳನ್ನು ಮಾಡಿದ್ದಾಗಿ ಒಪ್ಪಿಕೊಂಡವನು. ಹೌಸ್ ಸರ್ವಾನುಮತದಿಂದ ಒಪ್ಪಿತು, ಆಮೇಲೆ ಮೂರ್ ಅವರೇ ಹಿಂತೆಗೆದುಕೊಂಡರು. ಆದ್ದರಿಂದ ತಪ್ಪು ಹುಡುಕುವ ಕೆಲಸ ಅರ್ಜಿದಾರರದ್ದೇ. ಅಂಗೀಕಾರವಾದ ಪಠ್ಯವನ್ನು ಕಚೇರಿಯವರು ತಾವಾಗಿಯೇ ತಿದ್ದುವಂತಿಲ್ಲ. ಮಂಡಿಸುವ ಮುನ್ನ ಕರಡು ಕೇಳಿ, ಮನೆಯವರಲ್ಲಿ ಇಬ್ಬರಾದರೂ ಗಟ್ಟಿಯಾಗಿ ಓದಿ ನೋಡಿ.

ಕುಟುಂಬದವರು ಆಸ್ಟಿನ್‌ಗೆ ಬರುವುದಿದ್ದರೆ ಮೊದಲೇ ತಿಳಿಸಿ. ಆಗ ಕಟ್ಟಿನಿಂದ ಬೇರೆಯಾಗಿ ಸದನದಲ್ಲೇ ಓದಿಸಿ, ಗ್ಯಾಲರಿಯಲ್ಲಿರುವವರನ್ನು ಪರಿಚಯಿಸುವ ವ್ಯವಸ್ಥೆ ಮಾಡಬಹುದು. ತೀರಿಕೊಂಡವರ ನಿರ್ಣಯವಾದರೆ ಸದಸ್ಯರು ಎದ್ದು ನಿಂತು ಒಪ್ಪಿಗೆ ಸೂಚಿಸುತ್ತಾರೆ. ವಿಧಾನಸೌಧದ ಸಂತಾಪ ಸೂಚನೆಯನ್ನು ಕಂಡವರಿಗೆ ಆ ಮೌನ ಪರಿಚಿತವೇ.

ಇಂಥ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಕೇಳಿ ಪಡೆಯುವ ಗೌರವವಾದ್ದರಿಂದ ಇಬಿ-1 (ಅಸಾಧಾರಣ ಸಾಧಕರಿಗೆ ಸಿಗುವ ಗ್ರೀನ್ ಕಾರ್ಡ್) ಅರ್ಜಿಯಲ್ಲಿ ಇದನ್ನೇ ಮುಖ್ಯ ಸಾಕ್ಷ್ಯವಾಗಿ ನೆಚ್ಚಿಕೊಳ್ಳಬೇಡಿ.

ಕೈಗೆ ಬರುವ ಪ್ರತಿಯಲ್ಲಿ ಮೊಹರು ಇರುತ್ತದೆ. ಹೌಸ್‌ನದ್ದಾದರೆ ಸ್ಪೀಕರ್ ಮತ್ತು ಮುಖ್ಯ ಗುಮಾಸ್ತರ ಸಹಿಯೂ ಇರುತ್ತದೆ. ಫ್ರೇಮಿನ ಖರ್ಚು ನಮ್ಮದೆಂದೇ ಲೆಕ್ಕ ಹಾಕಿಕೊಳ್ಳಿ. ಮೊದಲು ಸ್ಕ್ಯಾನ್ ಮಾಡಿಟ್ಟುಕೊಂಡು, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ: ಆ ಬಿಸಿಗೆ ಒತ್ತುಮೊಹರಿನ ಉಬ್ಬು ಚಪ್ಪಟೆಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.