ಮನೆತನದ ಫೈಲುಗಳನ್ನು ಸಿಂಕ್ ಫೋಲ್ಡರಿಗೆ ಹಾಕಿ ನಿಶ್ಚಿಂತೆಯಿಂದ ಕೂತಿದ್ದೀರಾ? ಸ್ವಲ್ಪ ತಡೀರಿ

ಅಜ್ಜಿ ಮಾತಾಡಿದ 1 ಗಂಟೆ 17 ನಿಮಿಷದ ಆಡಿಯೊ ನನ್ನ ಹತ್ತಿರ ಇತ್ತು. 2019ರ ಬೇಸಿಗೆಯಲ್ಲಿ ಊರ ಮನೆಯ ಪಡಸಾಲೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ನಡುವೆ ಒಂದು ಕಡೆ ಕುಕ್ಕರ್ ಸೀಟಿ ಹೊಡೆಯುತ್ತದೆ. "ತಡಿಯಪ್ಪಾ, ಒಲಿ ಸಣ್ಣ ಮಾಡಿ ಬರ್ತೀನಿ" ಅಂತ ಅಜ್ಜಿ ಎದ್ದು ಹೋಗುತ್ತಾಳೆ. ಆ ಆಡಿಯೊ ಈಗ ಎಲ್ಲೂ ಇಲ್ಲ. ಅಜ್ಜಿ ಹೋಗಿ ಮೂರು ವರ್ಷದ ಮೇಲಾಯಿತು.

ಯಾರೂ ಕದ್ದಿಲ್ಲ. ವೈರಸ್ ಬಂದಿಲ್ಲ, ಡಿಸ್ಕ್ ಸುಟ್ಟಿಲ್ಲ. ಕ್ಲೌಡ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಅಳಿಸು ಅಂದರು, ಅಳಿಸಿತು. ನಾಲ್ಕೂ ಮನೆಯಲ್ಲಿ.

ನಮ್ಮ ಮನೆತನದ ವಂಶಾವಳಿ ಕೂಡಿಸುವ ಹುಚ್ಚು ನನಗೆ ಹತ್ತಿದ್ದು 2018ರಲ್ಲಿ. ವಂಶವೃಕ್ಷದ ತಂತ್ರಾಂಶದಲ್ಲಿ 214 ಜನರನ್ನು ಸೇರಿಸಿದ್ದೆ. ಸ್ಕ್ಯಾನ್ ಮಾಡಿದ ಫೋಟೊಗಳು, ಜಾತಕಗಳು, ಮುತ್ತಜ್ಜ ಹೊಲ ಅಡವಿಟ್ಟ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಒಂದು ಕಾಗದ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗಿ ಓದಿ ಹೇಳುವ ಹೆಳವರು ಮನೆಗೆ ಬಂದು ನಮ್ಮ ಹಿರಿಯರ ಹೆಸರು ಓದಿದ ರೆಕಾರ್ಡಿಂಗ್ ಕೂಡ ಇತ್ತು. ಎಲ್ಲವನ್ನೂ ಒಂದು ಫೋಲ್ಡರಿಗೆ ತುಂಬಿ ಕ್ಲೌಡ್‌ಗೆ ಸಿಂಕ್ ಮಾಡಿದೆ, ಅಂದರೆ ಅಲ್ಲಿರುವುದೂ ನಮ್ಮ ಕಂಪ್ಯೂಟರುಗಳಲ್ಲಿರುವುದೂ ತಾನಾಗಿಯೇ ಒಂದೇ ಥರ ಇರುವಂತೆ ಜೋಡಿಸಿದೆ. ಹುಬ್ಬಳ್ಳಿಯ ನಾನು, ಪುಣೆಯ ತಮ್ಮ, ಬೆಂಗಳೂರಿನ ಅತ್ತೆಮಗಳು, ಅಮೆರಿಕದಲ್ಲಿರುವ ಅಣ್ಣನ ಮಗ, ನಾಲ್ವರಿಗೂ ತಿದ್ದುವ ಹಕ್ಕು ಕೊಟ್ಟೆ. ನಾಲ್ಕು ಊರಲ್ಲಿ ನಾಲ್ಕು ಪ್ರತಿ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ಸೂಚನೆ ಸಿಕ್ಕಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಒಂದು ರಾತ್ರಿ ನಾನೂ ಅಣ್ಣನ ಮಗನೂ ಒಂದೇ ಹೊತ್ತಿಗೆ ತಂತ್ರಾಂಶ ತೆರೆದಿದ್ದೆವು. ಬೆಳಗ್ಗೆ ನೋಡಿದರೆ ಒಂದೇ ಫೈಲ್ ಎರಡಾಗಿತ್ತು, ಒಂದರ ಹೆಸರಿನ ಬಾಲಕ್ಕೆ 'ಕಾನ್‌ಫ್ಲಿಕ್ಟ್' ಅಂತ ಅಂಟಿಕೊಂಡಿತ್ತು. ಯಾವುದು ದೊಡ್ಡದೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿದೆ. ಅವನು ಕೂತು ಸೇರಿಸಿದ್ದ 19 ಹೆಸರು ಅದರ ಜೊತೆ ಹೋದವು. ಪಾಪ, ಅವನು ಏನೂ ಅನ್ನಲಿಲ್ಲ.

ಇಬ್ಬರೂ ಒಟ್ಟಿಗೆ ತಿದ್ದಿದ್ದಕ್ಕೆ ಫೈಲ್ ಎರಡಾಗಿತ್ತು. ಒಬ್ಬರೇ ತೆರೆದರೂ ಅಪಾಯ ಇದೆ ಅಂತ ನನಗೆ ಆಮೇಲೆ ತಿಳಿಯಿತು. ಇಂಥ ತಂತ್ರಾಂಶಗಳು ಎಲ್ಲ ಮಾಹಿತಿಯನ್ನೂ ಒಂದು ಡೇಟಾಬೇಸ್ ಫೈಲಿನಲ್ಲಿ ಇಡುತ್ತವೆ, ಹಲವದರಲ್ಲಿ ಅದು ಎಸ್‌ಕ್ಯೂಲೈಟ್ ಅನ್ನುವ ಬಗೆಯದು. ನಾವು ಕೆಲಸ ಮಾಡುತ್ತಿರುವಾಗ ಪಕ್ಕದಲ್ಲೇ ಇನ್ನೊಂದು ಚಿಕ್ಕ ಫೈಲ್ ಹುಟ್ಟುತ್ತದೆ. ಇನ್ನೂ ಪೂರ್ತಿ ಮುಗಿಯದ ಬರಹದ ಲೆಕ್ಕ ಇರುವುದು ಅದರಲ್ಲಿ. ಎರಡೂ ಜೋಡಿಯಾಗಿದ್ದರೆ ಮಾತ್ರ ಲೆಕ್ಕ ಸರಿ. ಸಿಂಕ್‌ಗೆ ಇದು ಗೊತ್ತಿಲ್ಲ. ಒಂದನ್ನು ಈಗ ಕಳಿಸುತ್ತದೆ, ಇನ್ನೊಂದನ್ನು ಆಮೇಲೆ. ಆ ಕಡೆ ಜೋಡಿ ತಪ್ಪಿದರೆ ಫೈಲ್ ಕೆಡಬಹುದು. ತಂತ್ರಾಂಶ ತೆರೆದಿರುವಾಗ ಅದರ ಫೈಲ್ ಸಿಂಕ್ ಫೋಲ್ಡರಿನಲ್ಲಿ ಇರಲೇಬಾರದು.

ದೊಡ್ಡ ಪೆಟ್ಟು ಬಿದ್ದದ್ದು 2023ರ ಜೂನ್‌ನಲ್ಲಿ. ತಮ್ಮನ ಲ್ಯಾಪ್‌ಟಾಪ್ ತುಂಬಿತ್ತು. "ಹೇಗಿದ್ರೂ ಕ್ಲೌಡ್‌ನಲ್ಲಿದೆ ಅಲ್ವಾ" ಅಂತ ನಮ್ಮ ಫೋಲ್ಡರನ್ನು ಅಳಿಸಿದ. ಎಲ್ಲರ ಕಡೆಯಿಂದಲೂ ಹೋಗುತ್ತದೆ ಅಂತ ಒಂದು ಕಿಟಕಿ ಎದ್ದು ಕೇಳಿತಂತೆ. ಓದದೇ ಓಕೆ ಒತ್ತಿದ. ನಾನಾಗಿದ್ದರೂ ಒತ್ತುತ್ತಿದ್ದೆ.

ನನಗೆ ಗೊತ್ತಾಗಿದ್ದು ದಸರೆಗೆ, ನಾಲ್ಕು ತಿಂಗಳ ಮೇಲೆ. ದಿನಾ ತೆರೆಯುವ ಫೋಲ್ಡರ್ ಅಲ್ಲವಲ್ಲ ಇದು. ಕಸದ ಬುಟ್ಟಿ ಖಾಲಿಯಾಗಿತ್ತು. ಗೂಗಲ್ ಡ್ರೈವ್, ಒನ್‌ಡ್ರೈವ್‌ನ ಮನೆಬಳಕೆಯ ಖಾತೆ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ, ಎಲ್ಲದರಲ್ಲೂ ಅಳಿಸಿದ್ದು ಉಳಿಯುವುದು 30 ದಿನ. ನಾವು ಬಳಸಿದ್ದು ಯಾವುದು ಅಂತ ಹೇಳುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಸಹಾಯಕ್ಕೆ ಬರೆದೆ. ಆಗುವುದಿಲ್ಲ ಅಂತ ಮರ್ಯಾದೆಯ ಉತ್ತರ ಬಂತು.

ಉಳಿದ ಮೂರು ಕಂಪ್ಯೂಟರಿನಲ್ಲೂ ಇರಲಿಲ್ಲವೇ? ಇರಲಿಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಸುವುದೇ ಸಿಂಕ್.

ಇನ್ನೂ ಒಂದು ಆಸೆ ಇತ್ತು. 2022ರಲ್ಲಿ ಇಡೀ ಫೋಲ್ಡರನ್ನು ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದೆ. ಹುಡುಕಿ ತೆಗೆದು ಚುಚ್ಚಿದೆ. ಸಣ್ಣಪುಟ್ಟ ಕಡತಗಳಿವೆ, ಆಡಿಯೊ ಒಂದೂ ಇಲ್ಲ. ಆಗ ನೆನಪಾಯಿತು. ಅವತ್ತು ಮನೆಯಲ್ಲಿ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ರೂಟರ್ ಆರಿತ್ತು. ನಡುವೆ "ಈ ಫೈಲ್ ಸಿಗುತ್ತಿಲ್ಲ, ಸ್ಕಿಪ್ ಮಾಡಲೇ?" ಅಂತ ಕೇಳಿತ್ತು. ಎಲ್ಲದಕ್ಕೂ ಸ್ಕಿಪ್ ಅಂದಿದ್ದೆ. ಜಾಗ ಉಳಿಸಲಿಕ್ಕೆ ಅಂತ, ತುಂಬಾ ದಿನ ಮುಟ್ಟದ ದೊಡ್ಡ ಫೈಲುಗಳನ್ನು ಕಂಪ್ಯೂಟರ್ ಕ್ಲೌಡ್‌ನಲ್ಲಷ್ಟೇ ಇಟ್ಟು, ಇಲ್ಲಿ ಬರೀ ಹೆಸರು ತೋರಿಸುತ್ತಿತ್ತು. ಹೆಸರಿನ ಪಕ್ಕ ಪುಟ್ಟ ಮೋಡದ ಚಿತ್ರ. ಆ ಮೋಡವನ್ನು ನಾನು ಎಷ್ಟೋ ಸಲ ನೋಡಿದ್ದೆ, ಅಲಂಕಾರ ಅಂದುಕೊಂಡಿದ್ದೆ. ಅಜ್ಜಿಯ ಮಾತು ನನ್ನ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ.

ವಾಪಸ್ ಸಿಕ್ಕಿದ್ದೂ ಇದೆ. ಅಣ್ಣನ ಮಗನಿಗೆ ಒಮ್ಮೆ ಜೆಡ್‌ಕಾಮ್ ಫೈಲ್ ಮೇಲ್ ಮಾಡಿದ್ದೆ. ವಂಶವೃಕ್ಷವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ರೂಢಿಯ ಫೈಲ್ ಅದು. ಬರೀ ಅಕ್ಷರ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. 187 ಹೆಸರು ಸಿಕ್ಕವು. ಆದರೆ ಅದರೊಳಗೆ ಫೋಟೊ ಇರುವುದಿಲ್ಲ, ಫೋಟೊ ಯಾವ ಫೋಲ್ಡರಿನಲ್ಲಿದೆ ಅನ್ನುವ ವಿಳಾಸ ಅಷ್ಟೇ. ಕೆಲವು ಫೋಟೊಗಳನ್ನು ಕುಟುಂಬದ ವಾಟ್ಸಾಪ್ ಗುಂಪಿನಿಂದ ಹೆಕ್ಕಿದೆ. ಅವು ಕುಗ್ಗಿದವು. ಹಿಂಬದಿಯಲ್ಲಿ ಅಜ್ಜ ಸೀಸದ ಕಡ್ಡಿಯಲ್ಲಿ ಬರೆದದ್ದು ಓದಲು ಬರುವುದಿಲ್ಲ. ಕಾಕಾ 2006ರಲ್ಲಿ ಟೈಪ್ ಮಾಡಿದ್ದ ಟಿಪ್ಪಣಿಯೂ ಹಳೆಯ ಸಿಡಿಯಲ್ಲಿ ಸಿಕ್ಕಿತು. ತೆರೆದರೆ ರೋಮನ್ ಅಕ್ಷರಗಳ ಗಜಿಬಿಜಿ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್. ಪರಿವರ್ತಕದಲ್ಲಿ ಹಾಕಿದ ಮೇಲೆ ಓದಲಿಕ್ಕೆ ಬಂತು. ನಿಮ್ಮ ಹತ್ತಿರವೂ ಇಂಥವಿದ್ದರೆ ಈಗಲೇ ಬದಲಾಯಿಸಿಡಿ, ಆ ಫಾಂಟ್ ಇರುವ ಕಂಪ್ಯೂಟರ್ ಮುಂದೆ ಸಿಗಲಿಕ್ಕಿಲ್ಲ.

ಈಗ ನಾನು ಕೆಲಸ ಮಾಡುವ ಫೈಲ್ ಸಿಂಕ್ ಫೋಲ್ಡರಿನ ಹೊರಗಿದೆ. ತಿಂಗಳಿಗೊಮ್ಮೆ ತಂತ್ರಾಂಶ ಮುಚ್ಚಿ, ಜೆಡ್‌ಕಾಮ್, ಫೋಟೊ, ಆಡಿಯೊ ಸೇರಿಸಿ ಒಂದು ಜಿಪ್ ಕಟ್ಟುತ್ತೇನೆ, ಹೆಸರಲ್ಲೇ ತಾರೀಕು ಹಾಕುತ್ತೇನೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಒಂದು ಕ್ಲೌಡ್‌ಗೆ, ಒಂದು ಮನೆಯ ಹಾರ್ಡ್ ಡಿಸ್ಕಿಗೆ, ಇನ್ನೊಂದು ಬೆಳಗಾವಿಯ ತಂಗಿ ಮನೆಯ ಕಪಾಟಿಗೆ. ಕ್ಲೌಡ್‌ನಲ್ಲಿ ಬೇರೆಯವರಿಗೆ ನೋಡುವ ಹಕ್ಕು ಮಾತ್ರ. ತಮ್ಮ ಸ್ವಲ್ಪ ಮುನಿಸಿಕೊಂಡಿದ್ದಾನೆ, ಇರಲಿ. ಕಾಪಿ ಆದ ಮೇಲೆ ಇಂಟರ್ನೆಟ್ ಆರಿಸಿ ಡಿಸ್ಕಿನಿಂದಲೇ ಒಂದು ಆಡಿಯೊ ಹಚ್ಚಿ ಕೇಳುತ್ತೇನೆ. ಈ ಒಂದು ನಿಮಿಷದ ಕೆಲಸ ಅವತ್ತು ಮಾಡಿದ್ದರೆ ಸಾಕಿತ್ತು.

ಹೆಳವರು ಈ ಸುಗ್ಗಿ ಮುಗಿದ ಮೇಲೆ ಮತ್ತೆ ಬಂದಿದ್ದರು. ಕಾಳು, ದಕ್ಷಿಣೆ ಕೊಟ್ಟು ಕೂರಿಸಿ ಮತ್ತೆ ಓದಿಸಿದೆ. ಗಂಡುಮಕ್ಕಳ ಹೆಸರೆಲ್ಲ ಅವರ ಪುಸ್ತಕದಲ್ಲಿ ಹಾಗೇ ಇವೆ, ನನ್ನ ಪಟ್ಟಿಯಲ್ಲಿ ಬಿಟ್ಟುಹೋದವೂ ತುಂಬಿದವು. ಆದರೆ ನಮ್ಮ ಮನೆತನದ ಪುಟದಲ್ಲಿ ಹೆಣ್ಣುಮಕ್ಕಳ ಹೆಸರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾರ ತವರು ಯಾವುದು, ಯಾರು ಬಾಣಂತನದಲ್ಲಿ ತೀರಿಕೊಂಡರು, ಯಾರ ಮಗುವನ್ನು ಯಾರು ಸಾಕಿದರು, ಇದೆಲ್ಲ ಇದ್ದದ್ದು ಆ 1 ಗಂಟೆ 17 ನಿಮಿಷದಲ್ಲಿ.

ಅಜ್ಜಿಯ ತಂಗಿ ಮುಧೋಳದ ಕಡೆ ಇದ್ದಾಳೆ, 88 ವರ್ಷ. ಹೋದ ವಾರ ಫೋನ್ ಮಾಡಿ, ಬಂದು ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದೆ. "ಬಾರಪ್ಪಾ, ಬಂದು ಉಂಡು ಹೋಗು. ಆದ್ರ ನನಗೇನ್ ನೆನಪೈತಿ, ಎಲ್ಲಾ ಅಕ್ಕಗ ಗೊತ್ತಿತ್ತು" ಅಂದಳು.